ಅಪ್‌ಡೇಟ್: ರೂಫ್ ರ‍್ಯಾಕ್ ಶಿಳ್ಳೆ ನಿಂತಿತು (ಬಹುಪಾಲು)

ಕಾರಿನ ಮೇಲೆ ಲಗೇಜ್ ಕಟ್ಟುವ ರೂಫ್ ರ‍್ಯಾಕ್ ಹಾಕಿಸಿದ ಮೇಲೆ 80 ದಾಟಿದರೆ ಸಾಕು, ಕಿವಿ ಕೊರೆಯುವ ಶಿಳ್ಳೆ ಬರುತ್ತದೆ, ಏನು ಮಾಡಲಿ ಅಂತ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ ಇದು.

ನೀವು ಹೇಳಿದ್ದರಲ್ಲಿ ಕೆಲಸ ಮಾಡಿದ್ದು ಎಲ್ಲಕ್ಕಿಂತ ಅಗ್ಗದ್ದೇ: ಅಡ್ಡ ಪೈಪಿಗೆ ನೈಲಾನ್ ಹಗ್ಗ ಸುತ್ತುವುದು. ದುಂಡು ಪೈಪಿನ ಹಿಂದೆ ಗಾಳಿ ಮೇಲೊಮ್ಮೆ ಕೆಳಗೊಮ್ಮೆ ಸುಳಿಯಾಗಿ, ಒಂದೇ ತಾಳದಲ್ಲಿ ಕಳಚಿಕೊಳ್ಳುತ್ತದೆ. ಶಿಳ್ಳೆ ಹುಟ್ಟುವುದೇ ಅಲ್ಲಿ. ಹಗ್ಗ ಅಡ್ಡ ಬಂದರೆ ತಾಳ ತಪ್ಪುತ್ತದೆ. ಕೆಲವು ಕಾರ್ಖಾನೆ ಚಿಮಣಿಗಳ ತುದಿಗೆ ತಿರುಪಿನ ಹಾಗೆ ಪಟ್ಟಿ ಸುತ್ತಿರುತ್ತಾರಲ್ವಾ, ಅದೂ ಈ ಸುಳಿ ಮುರಿಯಲಿಕ್ಕೇ. ಒತ್ತೊತ್ತಾಗಿ ಸುತ್ತಬೇಡಿ. ನಡುವೆ ಜಾಗ ಬಿಟ್ಟು ಓರೆಯಾಗಿ ಸುತ್ತಿ, ತುದಿ ಗಟ್ಟಿಯಾಗಿ ಕಟ್ಟಿ.

ಒಂದು ಪೈಪಿನ ಬಾಯಿ ತೆರೆದೇ ಇತ್ತು. ಅದಕ್ಕೆ ರಬ್ಬರ್ ಮುಚ್ಚಳ ಹಾಕಿದೆ. ಮುಂದೆ ಕೂರಿಸುವ ಫೇರಿಂಗ್ (ಗಾಳಿಯನ್ನು ಪೈಪಿನ ಮೇಲೆ ಹಾಯಿಸುವ ಓರೆ ಹಲಗೆ) ಬೆಲೆ ಕೇಳಿ ಸುಮ್ನೆ ವಾಪಸ್ ಬಂದೆ.

ಪುಣೆಯಿಂದ ಬೆಳಗಾವಿಗೆ ಹೋಗುವಾಗ ಸಾತಾರಾ ದಾಟಿದ ಮೇಲೂ ಹಿಂದಿನ ಸೀಟಿನಿಂದ ಅಮ್ಮನ ಮಾತು ಸರಿಯಾಗಿ ಕೇಳಿಸಿತು. ಎದುರುಗಾಳಿ ಜಾಸ್ತಿಯಾದರೆ ಗುಂಯ್ ಅನ್ನುವುದು ಮಾತ್ರ ಉಳಿದಿದೆ. ಲಗೇಜ್ ಇಲ್ಲದಾಗ ರ‍್ಯಾಕ್ ಬಿಚ್ಚಿಟ್ಟರೆ ಪೆಟ್ರೋಲೂ ಉಳಿಯುತ್ತದೆ, ನಿಜ. ಆದರೆ ನಮ್ಮ ಫ್ಲಾಟಿನಲ್ಲಿ ಅದನ್ನು ಇಡಲು ಜಾಗ ಎಲ್ಲಿದೆ?