ನೊಬುನಾಗಾಸ್ ಆಂಬಿಷನ್ ಆಡಿರೋರು ಇದೀರಾ? ಸಹಾಯ ಬೇಕು

ಎಲ್ರಿಗೂ ನಮಸ್ಕಾರ, ನಿಂಟೆಂಡೊ 8 ಬಿಟ್ ಕನ್ಸೋಲ್‌ಗೆ ಕೋಯಿ ಕಂಪನಿ ಮಾಡಿದ್ದ ನೊಬುನಾಗಾಸ್ ಆಂಬಿಷನ್ ಅನ್ನೋ ಹಳೇ ಜಪಾನಿನ ಯುದ್ಧತಂತ್ರದ ವಿಡಿಯೋ ಗೇಮ್ ಇದೆಯಲ್ಲ, ಅದನ್ನ ಈಗ ಆಡ್ತಾ ಇದೀನಿ, 17 ಪ್ರಾಂತ್ಯದ ಮ್ಯಾಪು, ನಾನು ಒವಾರಿ ಪ್ರಾಂತ್ಯದ ದೊರೆ ಓಡಾ ನೊಬುನಾಗಾ. ಗ್ರಾಫಿಕ್ಸ್ ಅಷ್ಟೇನೂ ಇಲ್ಲ, ಹೆಚ್ಚಾಗಿ ನಂಬರ್‌ಗಳೇ, ಆದ್ರೂ ಏಳೋಕೇ ಮನಸ್ಸಾಗಲ್ಲ ಕಣ್ರೀ, ಒಂದೊಂದು ಟರ್ನೂ ಒಂದು ಋತು, ಅಷ್ಟರಲ್ಲಿ ಅಣೆಕಟ್ಟಿಗೆ ದುಡ್ಡು ಹಾಕ್ಲಾ, ರೈತರಿಗೆ ಅಕ್ಕಿ ಕೊಡ್ಲಾ, ಸೈನಿಕರಿಗೆ ಟ್ರೇನಿಂಗ್ ಕೊಡ್ಲಾ ಅಂತ ಒಂದನ್ನೇ ಆರಿಸ್ಬೇಕು, ಆ ಒದ್ದಾಟನೇ ಮಜಾ.

ಈಗ ವಿಷಯ ಏನಂದ್ರೆ, ಪಕ್ಕದ ಪ್ರಾಂತ್ಯದ ಮೇಲೆ ದಂಡೆತ್ತಿ ಹೋದ್ರೆ ಯುದ್ಧದ ಮಧ್ಯದಲ್ಲೇ ಅಕ್ಕಿ ಖಾಲಿಯಾಗಿ ಸೋಲ್ತೀನಿ, ಎದುರಾಳಿ ಕೋಟೆಯೊಳಗೆ ಸುಮ್ನೆ ಕೂತಿರ್ತಾನೆ. ಜಾಸ್ತಿ ಅಕ್ಕಿ ಹೊತ್ಕೊಂಡು ಹೋದ್ರೆ ಊರಲ್ಲಿ ಉಳಿಯಲ್ಲ, ತೆರಿಗೆ ಏರಿಸಿದ್ರೆ ದಂಗೆ. 1560ರಲ್ಲಿ ಒಕೆಹಜಾಮಾದಲ್ಲಿ ನಿಜವಾದ ನೊಬುನಾಗಾ ಸಣ್ಣ ಸೈನ್ಯ ಇಟ್ಕೊಂಡೇ ದೊಡ್ಡ ಸೈನ್ಯ ತಂದಿದ್ದ ಎದುರಾಳಿ ದೊರೆ ಇಮಾಗಾವಾ ಯೊಶಿಮೊಟೊನ ಮುಗಿಸಿದ್ನಲ್ಲ, ಹಾಗೆ ನೇರವಾಗಿ ಎದುರಾಳಿ ದೊರೆ ಇರೋ ಮೊದಲನೇ ತುಕಡಿಗೇ ನುಗ್ಗೋದು ಸರೀನಾ? ಅದು ಬಿದ್ರೆ ಯುದ್ಧ ಮುಗೀತು ಅನ್ನೋದು ಗೊತ್ತು, ಆದ್ರೆ ತಲುಪೋದು ಹೇಗೆ?

ಇನ್ನೊಂದು, ಕೋವಿ ತಗೊಳ್ಳೋಕೆ ವ್ಯಾಪಾರಿ ಬರೋದನ್ನ ಕಾಯ್ಲಾ, ಇಲ್ಲ ಕುದುರೆ ಸವಾರರನ್ನೇ ಹೆಚ್ಚಿಗೆ ಇಟ್ಕೊಂಡು ಹೊರಡ್ಲಾ? ಕಾಯ್ತಾ ಕೂತ್ರೆ ಕಾಯಿ ಪ್ರಾಂತ್ಯದ ದೊರೆ ಟಕೇಡಾ ಶಿಂಗೆನ್ ಅಷ್ಟರಲ್ಲಿ ಬೆಳೆದುಬಿಡ್ತಾನೆ ಅನ್ನೋದೇ ಭಯ. ಅವನ ಹತ್ರ ಒಪ್ಪಂದ ಮಾಡ್ಕೊಂಡ್ರೆ ಎಷ್ಟು ನಂಬ್ಬಹುದು? ಆಡಿ ಗೆದ್ದಿರೋರು ದಯವಿಟ್ಟು ಮೊದಲ ಎರಡ್ಮೂರು ವರ್ಷ ಏನೇನು ಮಾಡಿದ್ರಿ ಅಂತ ವಿವರವಾಗಿ ಹೇಳಿ, ಎಷ್ಟು ಉದ್ದ ಬರೆದ್ರೂ ಓದ್ತೀನಿ.