ಟಾರ್ಗೆಟ್ ಏರಿತು, ಮಾರಾಟ ಏರಲಿಲ್ಲ: ಓದುಗರ ಸ್ಪಂದನ

ಕಚೇರಿಗಳಿಗೆ ಮುದ್ರಣ ಮತ್ತು ಸ್ಕ್ಯಾನಿಂಗ್ ಯಂತ್ರ ಮಾರುವ ಸಂಸ್ಥೆಯೊಂದರ ಸೇಲ್ಸ್ ಮ್ಯಾನೇಜರ್ ಕಳೆದ ಸಂಚಿಕೆಯಲ್ಲಿ ತಮ್ಮ ಸಂಕಟ ಹೇಳಿಕೊಂಡಿದ್ದರು. ಎಂಟು ಜನರ ತಂಡ. ಅರ್ಧಕ್ಕಿಂತ ಹೆಚ್ಚು ಆರ್ಡರ್ ತರುವವರು ಇಬ್ಬರೇ. ಉಳಿದವರು ದಿನವಿಡೀ ಓಡಾಡಿದರೂ ತಿಂಗಳ ಕೊನೆಗೆ ಕೈ ಖಾಲಿ. ಬೆಳಿಗ್ಗೆ ಮೀಟಿಂಗ್, ಸಂಜೆ ರಿಪೋರ್ಟ್, ತ್ರೈಮಾಸಿಕದ ಕೊನೆಯ ವಾರ ರಿಯಾಯಿತಿಯ ಅಬ್ಬರ. ಇಷ್ಟರ ಮೇಲೆ ಆಡಳಿತ ಟಾರ್ಗೆಟ್ ಏರಿಸಿದೆ. "ಇನ್ಸೆಂಟಿವ್ ಹೆಚ್ಚಿಸಲೇ, ತರಬೇತಿಗೆ ಕಳಿಸಲೇ, ಇಲ್ಲ ಹಿಂದುಳಿದವರನ್ನು ಬದಲಾಯಿಸಲೇ?" ಎಂಬುದು ಅವರ ಪ್ರಶ್ನೆ. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ಎಲ್ಲಿ ನಿಂತಿದೆ ಎಂದು ಮೊದಲು ನೋಡಿ

ನೀವು ಕೇಳಿರುವ ಮೂರು ಉಪಾಯಗಳನ್ನೂ ಸ್ವಲ್ಪ ಕಾಲ ಪಕ್ಕಕ್ಕಿಡಿ ಎಂದು ಕೇಳಿಕೊಳ್ಳುತ್ತೇನೆ. ಎಷ್ಟು ಮಾರಾಟವಾಯಿತು, ಎಷ್ಟು ಕೊರತೆ ಬಿತ್ತು ಎಂಬುದೆಲ್ಲ ನಿಮ್ಮ ಪತ್ರದಲ್ಲಿ ಸ್ಪಷ್ಟವಾಗಿದೆ. ಕೈತಪ್ಪಿದ ಆರ್ಡರುಗಳು ಯಾವ ಹಂತದಲ್ಲಿ ಕೈತಪ್ಪಿದವು ಎಂಬುದು ಮಾತ್ರ ಎಲ್ಲೂ ಇಲ್ಲ. ಅದನ್ನು ತಿಳಿಯದೆ ಎಲ್ಲರನ್ನೂ ಒಂದೇ ತರಬೇತಿಗೆ ಕಳಿಸುವುದು, ಎಲ್ಲಿ ನೋವು ಎಂದು ಕೇಳದೆ ಔಷಧಿ ಬರೆದುಕೊಟ್ಟ ಹಾಗೆ.

ಒಂದು ಲೆಕ್ಕ ಹಾಕೋಣ. 100 ವಿಚಾರಣೆ ಬಂದವು ಎಂದಿಟ್ಟುಕೊಳ್ಳಿ. 60 ಕಡೆ ಮಾತುಕತೆ ನಡೆಯಿತು, 30 ಕಡೆಗೆ ಕೊಟೇಶನ್ ಹೋಯಿತು, 6 ಆರ್ಡರ್ ಬಂದವು. ಈಗ 8 ಬೇಕು. "ಇನ್ನಷ್ಟು ಕರೆ ಮಾಡಿ" ಎಂದರೆ, ಇದೇ ಪ್ರಮಾಣದಲ್ಲಿ 133 ವಿಚಾರಣೆ ಬೇಕಾಗುತ್ತದೆ. ಅಂದರೆ ಈಗಾಗಲೇ ಸುಸ್ತಾದವರ ಮೇಲೆ ಇನ್ನೂ ಮೂರನೇ ಒಂದು ಭಾಗದಷ್ಟು ಹೊರೆ. ಅದರ ಬದಲು, ಈಗಿರುವ 30 ಕೊಟೇಶನ್‌ಗಳಲ್ಲೇ ಇನ್ನೆರಡನ್ನು ಉಳಿಸಿಕೊಂಡರೂ ಎಂಟಾಗುತ್ತದೆ. ಯಾವುದು ಸುಲಭ ಎಂಬುದನ್ನು ನಿಮ್ಮ ಅಂಕಿಗಳೇ ಹೇಳಬೇಕು, ನಾನಲ್ಲ.

ಈ ಲೆಕ್ಕವನ್ನು ಇಡೀ ತಂಡಕ್ಕೆ ಒಟ್ಟಾಗಿ ಮಾಡಿದರೆ ಏನೂ ಕಾಣುವುದಿಲ್ಲ. ಒಬ್ಬೊಬ್ಬರದ್ದೂ ಬೇರೆಬೇರೆ ಬರೆಯಿರಿ. ಒಬ್ಬರಿಗೆ ಮಾತುಕತೆ ಧಾರಾಳ, ಕೊಟೇಶನ್‌ವರೆಗೆ ಹೋಗುವುದೇ ಇಲ್ಲ. ಇನ್ನೊಬ್ಬರು ಕೇಳಿದವರಿಗೆಲ್ಲ ಕೊಟೇಶನ್ ಕಳಿಸುತ್ತಾರೆ, ಒಂದೂ ಮರಳಿ ಬರುವುದಿಲ್ಲ. ತಿಂಗಳ ಕೊನೆಗೆ ಇಬ್ಬರ ಹೆಸರಿನ ಮುಂದೆಯೂ ಒಂದೇ ಕೊರತೆ. ಮೊದಲನೆಯವರಿಗೆ ಪ್ರಶ್ನೆ ಕೇಳುವುದನ್ನು ಕಲಿಸಬೇಕು, ಎರಡನೆಯವರಿಗೆ ಬೇಡದ್ದನ್ನು ಬಿಡುವುದನ್ನು.

ಕಾಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಚಾಲ್ತಿಯಲ್ಲಿರುವ ಅವಕಾಶಗಳ ಸಂಖ್ಯೆ, ಅವುಗಳಲ್ಲಿ ಗೆಲ್ಲುವ ಪ್ರಮಾಣ, ಸರಾಸರಿ ಆರ್ಡರಿನ ಮೊತ್ತ, ಈ ಮೂರನ್ನು ಗುಣಿಸಿ, ಒಂದು ಆರ್ಡರ್ ಮುಗಿಯಲು ಬೇಕಾಗುವ ದಿನಗಳಿಂದ ಭಾಗಿಸಿದರೆ ದಿನಕ್ಕೆ ಎಷ್ಟು ಮಾರಾಟ ಹರಿದುಬರುತ್ತಿದೆ ಎಂದು ತಿಳಿಯುತ್ತದೆ. ಸೇಲ್ಸ್‌ನವರು ಇದನ್ನು ಪೈಪ್‌ಲೈನ್ ವೇಗ ಎನ್ನುತ್ತಾರೆ. ಗೆಲ್ಲುವ ಪ್ರಮಾಣ ಶೇ. 20ರಿಂದ 25ಕ್ಕೆ ಏರಿದರೆ ಎಷ್ಟು ಲಾಭವೋ, 60 ದಿನ ಹಿಡಿಯುತ್ತಿದ್ದ ಕೆಲಸ 48 ದಿನಕ್ಕೆ ಮುಗಿದರೂ ಅಷ್ಟೇ ಲಾಭ: ಎರಡರಲ್ಲೂ ಶೇ. 25 ಏರಿಕೆ. ಆದರೂ ದಿನಗಳ ಬಗ್ಗೆ ಯಾವ ಮೀಟಿಂಗಿನಲ್ಲೂ ಯಾರೂ ಮಾತೆತ್ತುವುದಿಲ್ಲ. ನಿಮ್ಮ ಕೊಟೇಶನ್ ಒಳಗಿನ ಅನುಮತಿಗೆ ನಾಲ್ಕು ಮೇಜು ಸುತ್ತಿ ಬರುತ್ತಿದ್ದರೆ, ಆ ವಿಳಂಬ ತಂಡದ ತಪ್ಪಲ್ಲ, ನಿಮ್ಮ ಕಚೇರಿಯದು.

ದಿನಗಳು ಹೆಚ್ಚು ಸೋರುವುದು ಸಿಆರ್‌ಎಂನಲ್ಲಿ, ಅಂದರೆ ಗ್ರಾಹಕರ ವಿವರ ದಾಖಲಿಸುವ ತಂತ್ರಾಂಶದಲ್ಲಿ, ಬರೆಯುವ ಟಿಪ್ಪಣಿಯಲ್ಲಿ. ನಿಮ್ಮವರ ನಮೂದುಗಳನ್ನು ತೆರೆದು ನೋಡಿ. "ಗ್ರಾಹಕರು ಆಸಕ್ತಿ ತೋರಿಸಿದ್ದಾರೆ, ಫಾಲೋಅಪ್ ಮಾಡಬೇಕು" ಎಂಬ ಸಾಲು ಹತ್ತಾರು ಕಡೆ ಸಿಗುತ್ತದೆ. ಅದರಲ್ಲಿ ಮುಂದಿನ ಹೆಜ್ಜೆ ಇಲ್ಲ, ದಿನಾಂಕ ಇಲ್ಲ, ಗ್ರಾಹಕರು ಮಾಡಬೇಕಾದ ಕೆಲಸವಂತೂ ಇಲ್ಲವೇ ಇಲ್ಲ. ಅದನ್ನೇ ಹೀಗೆ ಬರೆಸಿ: "ಹಳೆ ಯಂತ್ರದ ಸರ್ವಿಸ್ ಒಪ್ಪಂದ ಯಾವಾಗ ಮುಗಿಯುತ್ತದೆಂದು ಲೆಕ್ಕವಿಭಾಗದವರು ಗುರುವಾರದೊಳಗೆ ತಿಳಿಸುತ್ತಾರೆ. ಶುಕ್ರವಾರ 11ಕ್ಕೆ ಅವರ ಜತೆ ಕರೆ ನಿಗದಿಯಾಗಿದೆ." ಗ್ರಾಹಕರೂ ಒಂದು ಕೆಲಸ ಒಪ್ಪಿಕೊಂಡಿದ್ದರೆ ಆ ವ್ಯವಹಾರಕ್ಕೆ ಜೀವ ಇದೆ. ಹಾಗೆ ಬರೆಯಲು ಏನೂ ಇಲ್ಲದಿದ್ದರೆ ಅದನ್ನು ಪಟ್ಟಿಯಿಂದ ತೆಗೆಯಲು ಅನುಮತಿ ಕೊಡಿ. ತೆಗೆದದ್ದಕ್ಕೆ ಬೈಯಬೇಡಿ. ಪಟ್ಟಿ ಗಿಡ್ಡ ಕಾಣುತ್ತದೆ ಎಂಬ ಭಯಕ್ಕೇ ಜನ ಸತ್ತ ಲೀಡ್‌ಗಳನ್ನು, ಅಂದರೆ ಆರ್ಡರ್ ಆಗುವ ಆಸೆಯೇ ಇಲ್ಲದ ವಿಚಾರಣೆಗಳನ್ನು, ತಿಂಗಳುಗಟ್ಟಲೆ ಹೊತ್ತು ತಿರುಗುತ್ತಾರೆ.

ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದಕ್ಕೆ ಐಬಿಎಂನವರಿಂದ ಬಂದ ಹಳೆಯ ಅಳತೆಗೋಲು ಈಗಲೂ ಸಾಕು: ಹಣ ಇದೆಯೇ, ತೀರ್ಮಾನಿಸುವವರು ಯಾರು, ಅಗತ್ಯ ನಿಜವೇ, ಯಾವಾಗ ಬೇಕು. ಇದನ್ನು ಮೊದಲ ಭೇಟಿಯಲ್ಲೇ ಪೊಲೀಸರ ವಿಚಾರಣೆಯಂತೆ ಕೇಳುವುದು ಬೇಡ. ಎರಡನೇ ಭೇಟಿ ಮುಗಿದ ಮೇಲೂ ನಾಲ್ಕರಲ್ಲಿ ಎರಡಕ್ಕೆ ಉತ್ತರ ಗೊತ್ತಿಲ್ಲದಿದ್ದರೆ ಕೊಟೇಶನ್ ಕಳಿಸಬೇಡಿ, ಅಷ್ಟೇ.

— ಮಾರಾಟ ತಂಡಗಳನ್ನು ನಡೆಸಿ ನಿವೃತ್ತರಾದ ಓದುಗರು

ನಮ್ಮ ಜತೆ ಬನ್ನಿ, ಆದರೆ ಮಾತಾಡಬೇಡಿ

ನಿಮ್ಮ ಆ ಆರು ಜನರಲ್ಲಿ ಒಬ್ಬಳ ಜಾಗದಲ್ಲಿ ನಿಂತು ಬರೆಯುತ್ತಿದ್ದೇನೆ. ನಾನೂ ಫೀಲ್ಡ್ ಸೇಲ್ಸ್‌ನಲ್ಲಿದ್ದೇನೆ. ಬೆಳಗಿನ ಮೀಟಿಂಗಿನಲ್ಲಿ "ಇವತ್ತು ಎಷ್ಟು ಕ್ಲೋಸ್ ಮಾಡ್ತೀರಿ?" ಎಂದು ಕೇಳಿದರೆ ಬಾಯಿಗೆ ಬಂದ ಒಂದು ಸಂಖ್ಯೆ ಹೇಳುತ್ತೇವೆ. ಅದು ಸುಳ್ಳೆಂದು ಹೇಳುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು. ಅದರ ಬದಲು "ಯಾವ ಗ್ರಾಹಕರ ಯಾವ ಮಾತಿಗೆ ನಿಮ್ಮ ಹತ್ತಿರ ಉತ್ತರ ಇರಲಿಲ್ಲ?" ಎಂದು ಒಮ್ಮೆ ಕೇಳಿ ನೋಡಿ. ಮೊದಲ ವಾರ ಯಾರೂ ಬಾಯಿ ಬಿಡುವುದಿಲ್ಲ. ಉತ್ತರ ಹೇಳಿದವರಿಗೆ ಅವಮಾನ ಆಗುವುದಿಲ್ಲ ಎಂದು ಖಾತ್ರಿಯಾದ ಮೇಲೆ ಶುರುವಾಗುತ್ತದೆ.

ನಿಮ್ಮ ಇಬ್ಬರು ಗೆಲ್ಲುವವರಿಗೆ ಏನೋ ಗೊತ್ತಿದೆ, ಉಳಿದವರಿಗೆ ಗೊತ್ತಿಲ್ಲ. ಅದು ಹುಟ್ಟಿನಿಂದ ಬಂದ ಮಾತುಗಾರಿಕೆ ಎಂದು ಕೈಬಿಡಬೇಡಿ. 1880ರ ದಶಕದಲ್ಲೇ ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಕಂಪನಿಯ ಜಾನ್ ಪ್ಯಾಟರ್ಸನ್ ತಮ್ಮ ಅತ್ಯುತ್ತಮ ಮಾರಾಟಗಾರನ ಮಾತನ್ನು ಬರೆದಿಳಿಸಿ, ಉಳಿದವರೆಲ್ಲ ಅದನ್ನು ಬಾಯಿಪಾಠ ಮಾಡಬೇಕೆಂದು ಕಡ್ಡಾಯ ಮಾಡಿದ್ದರು. ಬಾಯಿಪಾಠ ಇಂದಿನ ಗ್ರಾಹಕರ ಮುಂದೆ ನಡೆಯುವುದಿಲ್ಲ. ಆದರೆ ಗೆಲ್ಲುವವರ ವಿದ್ಯೆ ಉಳಿದವರಿಗೆ ದಾಟಿಸಬಹುದು ಎಂಬ ಅವರ ನಂಬಿಕೆ ಸರಿಯಾಗಿತ್ತು.

ಹೇಗೆ ದಾಟಿಸುವುದು? ಅಮೆರಿಕದ ಮಾರಾಟ ಕಂಪನಿಯೊಂದರಲ್ಲಿ ಅರ್ಥಶಾಸ್ತ್ರಜ್ಞರು ನಡೆಸಿ 2020ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಕಾಲ್ ಸೆಂಟರಿನ ಮಾರಾಟಗಾರರನ್ನು ಚೀಟಿ ಎತ್ತಿದಂತೆ ಜೋಡಿ ಮಾಡಿ, ಒಬ್ಬರಿಂದೊಬ್ಬರು ಸಲಹೆ ಕೇಳುವಂತೆ ಸಿದ್ಧ ಪ್ರಶ್ನೆಗಳ ಜತೆ ಕೂರಿಸಿದರು. ಅವರ ಮಾರಾಟ ಸರಾಸರಿ ಶೇ. 20ಕ್ಕಿಂತ ಹೆಚ್ಚು ಏರಿತು. ಪ್ರಯೋಗ ಮುಗಿದು ಕನಿಷ್ಠ 20 ವಾರ ಕಳೆದರೂ ಆ ಏರಿಕೆ ನಿಂತಿತ್ತು. ಜೋಡಿಯ ಒಟ್ಟು ಮಾರಾಟಕ್ಕೆ ಬಹುಮಾನ ಇಟ್ಟಾಗಲೂ ಏರಿಕೆ ಬಂತು, ಆದರೆ ಬಹುಮಾನ ನಿಂತ ಮೇಲೆ ಅದು ಉಳಿಯಲಿಲ್ಲ. ಕಲಿಸುವವರು ಬಿಗಿಹಿಡಿದು ಕೂತಿದ್ದರಿಂದಲ್ಲ, ಕೇಳುವವರಿಗೆ ಸಂಕೋಚ ಇದ್ದುದರಿಂದ ವಿದ್ಯೆ ಹರಿಯುತ್ತಿರಲಿಲ್ಲ ಎಂಬುದೇ ಅದರಲ್ಲಿ ನನಗೆ ಕಂಡ ದೊಡ್ಡ ವಿಷಯ. ಕೇಳುವುದನ್ನೇ ಕೆಲಸದ ಭಾಗ ಮಾಡಿದರೆ ಆ ಸಂಕೋಚ ಹೋಗುತ್ತದೆ. ಇನ್ಸೆಂಟಿವ್‌ಗೆ ಇಡುವ ಹಣದ ಮೊದಲು ವಾರಕ್ಕೊಂದು ಗಂಟೆ ಇದಕ್ಕೆ ಇಡಿ.

ಇನ್ನೊಂದು ಬೇಡಿಕೆ. ಭೇಟಿಗೆ ನಮ್ಮ ಜತೆ ಬನ್ನಿ, ಆದರೆ ನಮ್ಮ ಕೈಯಿಂದ ಮಾತು ಕಸಿದುಕೊಳ್ಳಬೇಡಿ. ಮ್ಯಾನೇಜರ್ ನಡುವೆ ಬಾಯಿ ಹಾಕಿ ಆರ್ಡರ್ ತಂದುಕೊಟ್ಟರೆ ಅವತ್ತಿನ ಲೆಕ್ಕ ಸರಿಹೋಗುತ್ತದೆ, ಆದರೆ ಆ ಗ್ರಾಹಕರು ಮುಂದೆ ನಮ್ಮ ಮಾತಿಗೆ ಬೆಲೆ ಕೊಡುವುದಿಲ್ಲ. ಸುಮ್ಮನೆ ಕೂತು, ನಾವು ಎಷ್ಟು ಮಾತಾಡಿದೆವು, ಅವರು ಎಷ್ಟು ಮಾತಾಡಿದರು ಎಂದು ಗಮನಿಸಿ. ಹೊರಗೆ ಬಂದ ಮೇಲೆ "ಬೆಲೆ ಜಾಸ್ತಿ ಅಂತ ಅವರು ಅಂದಾಗ ನೀನು ಯಾವುದಕ್ಕೆ ಹೋಲಿಸಿ ಅಂತ ಕೇಳಬಹುದಿತ್ತು" ಎಂಬ ಒಂದೇ ಒಂದು ಮಾತು ಹೇಳಿ. ಹತ್ತು ಮಾತು ಹೇಳಿದರೆ ಒಂದೂ ನೆನಪಿರುವುದಿಲ್ಲ.

— ಫೀಲ್ಡ್ ಸೇಲ್ಸ್‌ನಲ್ಲಿರುವ ಓದುಗಿ

ಖರೀದಿಸುವವರ ಕಡೆಯಿಂದ

ಮಾರುವವರೇ ಮಾರುವವರಿಗೆ ಉತ್ತರ ಬರೆಯುತ್ತಾರೆ ಎಂದು ಊಹಿಸಿ ಈ ಪತ್ರ ಬರೆಯುತ್ತಿದ್ದೇನೆ. ನನ್ನ ಕೆಲಸ ಖರೀದಿ. ನಿಮ್ಮಂಥ ತಂಡಗಳು ನನ್ನ ಮೇಜಿನ ಎದುರು ಕೂರುತ್ತವೆ.

ನಿಮ್ಮ ಕೊನೆಯ ವಾರದ ರಿಯಾಯಿತಿ ನಮಗೆಲ್ಲ ಗೊತ್ತು. ಮೊದಲ ಸಲ ಕೊಟ್ಟಾಗ ಖುಷಿಯಾಗುತ್ತದೆ, ಎರಡನೇ ಸಲಕ್ಕೆ ನಾವೇ ಕಾಯಲು ಕಲಿಯುತ್ತೇವೆ. ತಿಂಗಳ ಮಧ್ಯದಲ್ಲಿ ಅಗತ್ಯವಿದ್ದರೂ ಕಡತ ತಡೆದಿಡುತ್ತೇವೆ. ಆಮೇಲೆ ನೀವು ನಿಮ್ಮ ತಂಡಕ್ಕೆ "ಯಾಕೆ ಎಲ್ಲ ಕೊನೆಯ ವಾರಕ್ಕೇ ಬರುತ್ತದೆ?" ಎಂದು ಕೇಳುತ್ತೀರಿ. ಇಯಾನ್ ಲಾರ್ಕಿನ್ ಎಂಬ ಸಂಶೋಧಕರು ಒಂದು ದೊಡ್ಡ ಸಾಫ್ಟ್‌ವೇರ್ ಕಂಪನಿಯ ಒಪ್ಪಂದಗಳನ್ನು ಅಧ್ಯಯನ ಮಾಡಿ 2014ರಲ್ಲಿ ಪ್ರಕಟಿಸಿದ್ದಾರೆ. ತ್ರೈಮಾಸಿಕದ ಲೆಕ್ಕದಲ್ಲಿ ಕಮಿಷನ್ ಏರುತ್ತಾ ಹೋಗುವ ಕಾರಣ, ಮಾರಾಟಗಾರರು ತಮಗೆ ಲಾಭವಾಗುವ ಗಡುವಿಗೆ ಒಪ್ಪಂದಗಳನ್ನು ಹೊಂದಿಸಿ ರಿಯಾಯಿತಿ ಸುರಿಯುತ್ತಿದ್ದರು. ಅದರಿಂದ ಕಂಪನಿಗೆ ಆದ ನಷ್ಟ ಆದಾಯದ ಶೇ. 6ರಿಂದ 8. ಇದರಲ್ಲಿ ಮಾರಾಟಗಾರರ ದುರುದ್ದೇಶ ಹುಡುಕಬೇಡಿ. ನಿಯಮ ಹೇಗಿದೆಯೋ ಹಾಗೆ ನಡೆದುಕೊಂಡರು. ನಿಯಮ ಬದಲಿಸುವ ಅಧಿಕಾರ ಇರುವುದು ನಿಮ್ಮ ಕಡೆ. ಹಾಗಾಗಿ ಈ ತ್ರೈಮಾಸಿಕದಲ್ಲೇ ಒಂದು ಗೆರೆ ಎಳೆಯಿರಿ: ಗ್ರಾಹಕರು ಪ್ರತಿಯಾಗಿ ಏನನ್ನಾದರೂ ಕೊಡದೆ ರಿಯಾಯಿತಿ ಇಲ್ಲ. ಮುಂಗಡ ಪಾವತಿ, ಎರಡು ವರ್ಷದ ಒಪ್ಪಂದ, ಹೆಚ್ಚಿನ ಸಂಖ್ಯೆ, ಏನಾದರೂ ಸರಿ. ದಿನಾಂಕ ಮಾತ್ರ ಕಾರಣವಾಗಬಾರದು.

"ಇವತ್ತೇ ಸಹಿ ಹಾಕಿ" ಎಂಬ ಒತ್ತಡದ ಬಗ್ಗೆಯೂ ಹೇಳಬೇಕು. ಮಾರಾಟದ ಸಂಶೋಧಕ ನೀಲ್ ರಾಕ್‌ಹಾಮ್ ಮತ್ತು ಅವರ ಸಂಗಡಿಗರು ಹನ್ನೆರಡು ವರ್ಷ, 35,000 ಮಾರಾಟ ಮಾತುಕತೆಗಳನ್ನು ಗಮನಿಸಿ ಕಂಡುಕೊಂಡದ್ದು ನನ್ನ ಅನುಭವಕ್ಕೆ ಸರಿಯಾಗಿ ಹೊಂದುತ್ತದೆ. ಸಣ್ಣ ಖರೀದಿಯಲ್ಲಿ ಇಂಥ ಒತ್ತಡ ಕೆಲಸ ಮಾಡಬಹುದು, ದೊಡ್ಡ ಖರೀದಿಯಲ್ಲಿ ಅದು ಮಾರಾಟವನ್ನೇ ಕೆಡಿಸುತ್ತದೆ. ಗೆಲ್ಲುವವರು ಗ್ರಾಹಕರ ತೊಂದರೆಯ ಬಗ್ಗೆ, ಆ ತೊಂದರೆಯಿಂದ ಆಗುತ್ತಿರುವ ನಷ್ಟದ ಬಗ್ಗೆ ಕೇಳುತ್ತಾರೆ. ನನ್ನ ಮೇಜಿನ ಕಡೆಯಿಂದ ಅದು ಹೀಗೆ ಕಾಣುತ್ತದೆ: ಒಬ್ಬರು ಬಂದು ಯಂತ್ರ ನಿಮಿಷಕ್ಕೆ ಎಷ್ಟು ಪುಟ ಮುದ್ರಿಸುತ್ತದೆ ಎಂದು ಕರಪತ್ರ ಓದುತ್ತಾರೆ. ಇನ್ನೊಬ್ಬರು "ಯಂತ್ರ ಕೆಟ್ಟು ನಿಂತ ದಿನ ನಿಮ್ಮ ಬಿಲ್ಲುಗಳು ಹೇಗೆ ಹೊರಗೆ ಹೋಗುತ್ತವೆ?" ಎಂದು ಕೇಳುತ್ತಾರೆ. ಎರಡನೆಯವರಿಗೆ ನಾನು ಉತ್ತರ ಹೇಳುತ್ತಾ ಹೇಳುತ್ತಾ ನನ್ನ ಮೇಲಧಿಕಾರಿಗೆ ಕೊಡಬೇಕಾದ ಸಮರ್ಥನೆ ನನಗೇ ಸಿದ್ಧವಾಗಿರುತ್ತದೆ. ಖರೀದಿ ಅಧಿಕಾರಿಗೆ ಬೇಕಾಗಿರುವುದು ಅದೇ. ಒಳಗೆ ಇನ್ನೂ ಮೂರು ಜನರನ್ನು ನಾನು ಒಪ್ಪಿಸಬೇಕು, ನೀವು ಆ ಕೋಣೆಯಲ್ಲಿ ಇರುವುದಿಲ್ಲ. ನಿಮ್ಮ ಕೊಟೇಶನ್ ಜತೆ ಆ ಮೂರು ಜನ ಕೇಳಬಹುದಾದ ಪ್ರಶ್ನೆಗಳಿಗೆ ಅರ್ಧ ಪುಟದ ಉತ್ತರ ಇಟ್ಟರೆ, ಅದು ಯಾವ ರಿಯಾಯಿತಿಗಿಂತಲೂ ಹೆಚ್ಚು ಉಪಕಾರ.

— ಖರೀದಿ ವಿಭಾಗದಲ್ಲಿರುವ ಓದುಗರು

ಆ ಇಬ್ಬರಿಗೆ ಬಡ್ತಿ ಕೊಡುವ ಮುನ್ನ

"ಇಬ್ಬರಲ್ಲಿ ಒಬ್ಬರನ್ನು ಟೀಮ್ ಲೀಡರ್ ಮಾಡಿದರೆ ಉಳಿದವರು ಸುಧಾರಿಸಬಹುದು" ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ದಯವಿಟ್ಟು ನಿಧಾನಿಸಿ. ಮಾರಾಟಗಾರರ ಬಡ್ತಿಯ ಮೇಲೆ ಬೆನ್ಸನ್, ಲೀ ಮತ್ತು ಶೂ ಎಂಬ ಮೂವರು ಅಮೆರಿಕದ ಅನೇಕ ಕಂಪನಿಗಳ ದಾಖಲೆ ಹಿಡಿದು ಮಾಡಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಹೆಚ್ಚು ಮಾರುವವರಿಗೇ ಬಡ್ತಿ ಸಿಗುತ್ತಿತ್ತು, ಅವರ ಕೈಕೆಳಗಿನವರ ಮಾರಾಟ ಮಾತ್ರ ಕುಸಿಯುತ್ತಿತ್ತು. ಇನ್ನೊಬ್ಬರ ಜತೆ ಸೇರಿ ಆರ್ಡರ್ ತಂದ ರೂಢಿ ಇದ್ದವರು ಮ್ಯಾನೇಜರ್ ಆಗಿ ಹೆಚ್ಚು ಚೆನ್ನಾಗಿ ನಡೆಸಿದರು. ನಿಮ್ಮ ತಂಡದಲ್ಲಿ ಬೇರೆಯವರು ಸಹಾಯ ಕೇಳಲು ಯಾರ ಬಳಿ ಹೋಗುತ್ತಾರೆ ಎಂದು ನೋಡಿ. ಆ ವ್ಯಕ್ತಿ ಬಹುಶಃ ನಿಮ್ಮ ಇಬ್ಬರಲ್ಲಿ ಒಬ್ಬರಲ್ಲ. ಆ ಇಬ್ಬರಿಗೆ ಗೌರವ, ಸಂಬಳ, ದೊಡ್ಡ ಗ್ರಾಹಕರು, ಎಲ್ಲ ಕೊಡಿ. ಮಾರುವ ಕೆಲಸದಿಂದ ಎಬ್ಬಿಸಬೇಡಿ.

— ಮಾನವ ಸಂಪನ್ಮೂಲ ವಿಭಾಗದ ಓದುಗಿ

ಉತ್ತರಿಸಲು ಎಷ್ಟು ಹೊತ್ತು?

ಒಂದೇ ಪ್ರಶ್ನೆ. ನಿಮ್ಮ ಜಾಲತಾಣದಲ್ಲಿ ಯಾರಾದರೂ ವಿಚಾರಣೆ ತುಂಬಿದರೆ ನಿಮ್ಮವರು ಎಷ್ಟು ಹೊತ್ತಿಗೆ ಕರೆ ಮಾಡುತ್ತಾರೆ? 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಮೆರಿಕದ 2,241 ಕಂಪನಿಗಳನ್ನು ಪರೀಕ್ಷಿಸಿದ್ದರು. ಒಂದು ಗಂಟೆಯೊಳಗೆ ಉತ್ತರಿಸಿದವರು ಶೇ. 37. ಉತ್ತರವನ್ನೇ ಕೊಡದವರು ಶೇ. 23. ಗಂಟೆಯೊಳಗೆ ಸಂಪರ್ಕಿಸಿದವರಿಗೆ ತೀರ್ಮಾನಿಸುವ ವ್ಯಕ್ತಿಯ ಜತೆ ಅರ್ಥಪೂರ್ಣ ಮಾತುಕತೆ ಸಿಗುವ ಸಾಧ್ಯತೆ, ಇನ್ನೊಂದು ಗಂಟೆ ತಡಮಾಡಿದವರಿಗಿಂತ ಸುಮಾರು ಏಳು ಪಟ್ಟು ಹೆಚ್ಚಿತ್ತು. ಕೇಳಿದವರು ಇನ್ನೂ ಪರದೆಯ ಮುಂದೆ ಇರುವಾಗ ಕರೆ ಹೋಗಬೇಕು. ನಿಮ್ಮ ಎಂಟು ಜನರಲ್ಲಿ ಪ್ರತಿ ಅರ್ಧ ದಿನಕ್ಕೊಬ್ಬರನ್ನು ಸರದಿಯಲ್ಲಿ ಕಚೇರಿಯಲ್ಲೇ ಕೂರಿಸಿ, ಬಂದ ವಿಚಾರಣೆಗೆಲ್ಲ ಅವರೇ ಮೊದಲ ಕರೆ ಮಾಡಲಿ. ಇದಕ್ಕೆ ಮೇಲಿನವರ ಅನುಮತಿಯೂ ಬೇಡ, ಬಜೆಟ್ಟೂ ಬೇಡ. ಸೋಮವಾರದಿಂದಲೇ ಶುರು ಮಾಡಬಹುದು.

— ಗ್ರಾಹಕ ಸೇವೆಯಲ್ಲಿರುವ ಓದುಗರು