ನ್ಯೂಯಾರ್ಕ್‌ನ ಚೈನೀಸ್, ಥಾಯ್ ಹೋಟೆಲಿನ್ಯಾಗ ಜೈನರು ಏನು ಉಣ್ಣಬಹುದು?

ಟಿಳಕವಾಡಿ:
ಅವ್ವ-ಅಪ್ಪ ಬೆಳಗಾವಿಯಿಂದ ಜೂನ್‌ನ್ಯಾಗ ನ್ಯೂಯಾರ್ಕ್‌ಗೆ ಹೊಂಟಾರ್ರಿ. ತಮ್ಮನ ಮನಿ ಆ ಊರಿನ ಕ್ವೀನ್ಸ್ ಭಾಗದಾಗ ಐತಿ. ಉಳ್ಳಾಗಡ್ಡಿ, ಬಳ್ಳೊಳ್ಳಿ, ಬಟಾಟಿ, ತತ್ತಿ ಯಾವುದೂ ನಡೆಯೂದಿಲ್ಲ. ಹೊತ್ತು ಮುಳುಗಿದ ಮ್ಯಾಲೆ ಊಟ ಇಲ್ಲ. ತಮ್ಮಗ ಚೈನೀಸ್, ಥಾಯ್ ಊಟಕ್ಕ ಕರ್ಕೊಂಡು ಹೋಗೂ ಆಸೆ. ಏನು ಕೇಳಿ ತರಿಸಬೇಕು?

ಖಡೇಬಜಾರ:
‘ವೆಜ್ ಐತೇನು’ ಅಂತ ಕೇಳಿ ಸುಮ್ಮನಾಗಬ್ಯಾಡ್ರಿ. ಮಾಂಸದ ತುಂಡು ಕಾಣಲಿಲ್ಲಂದ್ರ ಎಷ್ಟೋ ಕಡೆ ಅದು ವೆಜ್ಜೇ. ಸಾಸ್ ಯಾವುದು, ಸಾರು ಯಾತರದು, ಇವೆರಡು ಕೇಳ್ರಿ. ಥಾಯ್ ಕರಿ ಪೇಸ್ಟಿಗೆ ಸಾಮಾನ್ಯವಾಗಿ ಹುದುಗಿಸಿದ ಸೀಗಡಿ ಹಾಕಿ ಅರೆದಿರತಾರ; ಆರ್ಡರ್ ಕೊಟ್ಟ ಮ್ಯಾಲೆ ಅದನ್ನ ತಗೀಲಿಕ್ಕೆ ಬರೂದಿಲ್ಲ. ಪ್ಯಾಡ್ ಥಾಯ್ ನೂಡಲ್ಸಿನ ಸಾಸಿಗೂ ಮೀನಿನ ಸಾಸ್ ಮೊದಲೇ ಕೂಡಿಸಿಟ್ಟಿರತಾರ, ಮ್ಯಾಲೆ ತತ್ತಿ. ಉಳಿದ ದೇಶದ ಅಡಿಗಿನೂ ಹಂಗ: ಜಪಾನಿನ ಮಿಸೊ ಸೂಪಿಗೆ ಒಣ ಮೀನಿನ ಸಾರು (ದಾಶಿ), ಕೊರಿಯಾದ ಕಿಮ್ಚಿ ಉಪ್ಪಿನಕಾಯಿಗೆ ಉಪ್ಪು ಹಾಕಿದ ಸೀಗಡಿ, ವಿಯೆಟ್ನಾಮಿನ ಫೋ ನೂಡಲ್ಸ್ ಅಂದ್ರ ದನದ ಎಲುಬಿನ ಸಾರು. ಹಿರಿಯರಿಗೆ ಇವು ಯಾವೂ ಬ್ಯಾಡ.

ಚೈನೀಸಿನ್ಯಾಗ ದಾರಿ ಐತಿ: ಬೌದ್ಧ ಶಾಕಾಹಾರಿ ಹೋಟೆಲು ಹುಡುಕ್ರಿ. ಆ ಪದ್ಧತಿಯೊಳಗ ಉಳ್ಳಾಗಡ್ಡಿ, ಬಳ್ಳೊಳ್ಳಿ ಎರಡೂ ವರ್ಜ್ಯ. ನಕಲಿ ಮಾಂಸದ ಪದಾರ್ಥ ಮಾತ್ರ ಬಿಡ್ರಿ, ಕೆಲವಕ್ಕ ತತ್ತಿಯ ಬಿಳಿ ಹಾಕಿರತಾರ.

ಗೋಕಾಕ ಫಾಲ್ಸ್:
ಬೌದ್ಧರಿಗೆ ಗಡ್ಡಿ ನಡೀತಾವ್ರಿ: ಗಜ್ಜರಿ, ಮೂಲಂಗಿ, ಹಸಿಶುಂಠಿ, ಜೊತಿಗೆ ಅಣಬೆ. ಮಿಕ್ಸ್ ಕಾಯಿಪಲ್ಯ ಮೊದಲೇ ಹೆಚ್ಚಿ ಕಲಸಿರತಾರ, ಆರಿಸಿ ತಗೀರಿ ಅಂದ್ರೂ ಚೂರು ಉಳದೇ ಉಳೀತಾವ. ಒಂದೇ ಕಾಯಿಪಲ್ಯದ ಪದಾರ್ಥ ತರಿಸ್ರಿ: ಬೀನ್ಸ್, ಬೊಕ್ ಚಾಯ್ ಅನ್ನೂ ಚೀನಿ ತಪ್ಪಲ ಪಲ್ಯ, ಇಲ್ಲಾ ಮೆತ್ತನ್ನ ತೋಫು (ಸೋಯಾ ಪನೀರ್). ಎಣ್ಣಿ, ಉಪ್ಪು, ಸೋಯಾ ಸಾಸ್ ಅಷ್ಟ, ಜೊತಿಗೆ ಬಿಳಿ ಅನ್ನ. ಸಾದಾ ಚೈನೀಸ್ ಹೋಟೆಲಿನ್ಯಾಗ ಕರಿದ ತೋಫು ಬ್ಯಾಡ; ಸೀಗಡಿ ಕರಿದ ಎಣ್ಣಿನೇ ಇರಬಹುದು.

‘ಜೈನ್’ ಅಂದ್ರ ಅಡಿಗಿಯವನಿಗೆ ತಿಳಿಯೂದಿಲ್ಲ. ಆಯ್ಸ್ಟರ್ ಸಾಸ್ (ಸಮುದ್ರದ ಚಿಪ್ಪಿನ ಜೀವಿಯಿಂದ ಮಾಡಿದ್ದು), ಕೋಳಿ ಪುಡಿ, ಕೋಳಿ ಸಾರು, ಮೀನು, ತತ್ತಿ, ಬಳ್ಳೊಳ್ಳಿ, ಉಳ್ಳಾಗಡ್ಡಿ ತಪ್ಪಲ, ಹಸಿಶುಂಠಿ: ಒಂದೊಂದರ ಹೆಸರೂ ಚೀನಿ ಭಾಷೆಯೊಳಗ ಬರಸಿ ಮೊಬೈಲಿನ್ಯಾಗ ಇಟ್ಕೊಂಡು ತೋರಿಸ್ರಿ. ಕೋಳಿ ಪುಡಿಯನ್ನ ಉಪ್ಪಿನಂಗ ಚಿಮುಕಸ್ತಾರ, ಹೆಸರು ಹಿಡಿದು ಹೇಳದಿದ್ರ ನೆನಪಾಗೂದಿಲ್ಲ.

ಇಂಥ ಚೈನೀಸ್ ಹೋಟೆಲು ಹುಡುಕಲಿಕ್ಕೆ ಕ್ವೀನ್ಸ್‌ನ ಚೀನಿಯರ ಬಡಾವಣಿ ಫ್ಲಶಿಂಗ್‌ಗೆ ಹೋಗ್ರಿ: 7 ನಂಬರ್ ರೈಲು, ಕೊನೆ ಸ್ಟೇಷನ್ ಮೇನ್ ಸ್ಟ್ರೀಟ್. ಅಲ್ಲಿಂದ ಬೌನ್ ಸ್ಟ್ರೀಟಿನ ಗಣೇಶ ದೇವಸ್ಥಾನ 15–20 ನಿಮಿಷದ ನಡಗಿ, ಕೆಳಗ ಕ್ಯಾಂಟೀನ್ ಐತಿ. ಸಾದಾ ದೋಸೆ ತಗೋರಿ. ಸಾಂಬಾರಿನ್ಯಾಗ ಉಳ್ಳಾಗಡ್ಡಿ ಐತೇನು ಕೇಳ್ರಿ. ಚೈನೀಸ್ ಸರಿಬರಲಿಲ್ಲಂದ್ರ ಅದೇ ಆಸರ.

ಹೊತ್ತಿನ ಚಿಂತಿ ಜೂನ್‌ನ್ಯಾಗ ಇಲ್ಲ, ಸೂರ್ಯ ಮುಳುಗೂದು ಸುಮಾರು 8.30ಕ್ಕ. 6.30ಕ್ಕ ಕುಂತ್ರ ಆರಾಮ. ಡಿಸೆಂಬರ್ ಇದ್ದಿದ್ರ 4.30ಕ್ಕೇ ಕತ್ತಲಿ.

ಟಿಳಕವಾಡಿ:
ಭಾಳ ಉಪಕಾರ ಆತ್ರಿ. ಬಿಲ್ಲಿನ ಮ್ಯಾಲೆ ಟಿಪ್ ಎಷ್ಟು ಇಡಬೇಕು?

ಖಡೇಬಜಾರ:
ಕುಂತು ಉಂಡ್ರ 18–20%, ಟ್ಯಾಕ್ಸ್ ಸೇರಿಸೂದಕ್ಕಿಂತ ಮೊದಲಿನ ಮೊತ್ತದ ಮ್ಯಾಲೆ. ಊಟ 40 ಡಾಲರ್ ಆದ್ರ 8.875% ಟ್ಯಾಕ್ಸ್ 3.55, ಟಿಪ್ 8, ಒಟ್ಟು 51.55. ಮಂದಿ ಹೆಚ್ಚಿದ್ರ ಟಿಪ್ಪನ್ನ ‘ಗ್ರ್ಯಾಚುಯಿಟಿ’ ಅಂತ ಬಿಲ್ಲಿನ್ಯಾಗ ಅವರೇ ಸೇರಿಸಿರಬಹುದು. ಅದನ್ನ ನೋಡಿ ಕೊಡ್ರಿ.